ಗೆರೆಯ ಆಚೆ ಕಡಲು, ಈಚೆ ಊರು

ಮಾಲ್ಡೀವ್ಸಿನ ಮುಖ್ಯ ವಿಮಾನ ನಿಲ್ದಾಣವೇ ಒಂದು ದ್ವೀಪ. ಹುಲುಲೆ ಎಂಬ ಆ ದ್ವೀಪದಲ್ಲಿ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಹೊರಬಾಗಿಲು ದಾಟಿದರೆ ಕೂಗಳತೆಯಲ್ಲೇ ನೀರು, ನೀರಿನಂಚಿಗೆ ಸಾಲಾಗಿ ಕಟ್ಟಿದ ದೋಣಿಗಳು. ಅಲ್ಲಿಯವರ ದಿವೇಹಿ ಭಾಷೆಯಲ್ಲೂ ಅದರ ಹೆಸರು ದೋಣಿಯೇ. ಅಲ್ಲಿಂದ ದಕ್ಷಿಣಕ್ಕೆ ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮಾಫುಶಿ ಸಿಗುತ್ತದೆ. ಉದ್ದ ಸುಮಾರು ಒಂದೂಕಾಲು ಕಿಲೋಮೀಟರು, ಅಗಲ ಅದರ ಕಾಲುಭಾಗದಷ್ಟು. ಇಷ್ಟರಲ್ಲೇ ಮಸೀದಿ, ಶಾಲೆ, ಕಿರಾಣಿ ಅಂಗಡಿ, ಗೆಸ್ಟ್‌ಹೌಸುಗಳು, ಒಂದು ಜೈಲು ಕೂಡ ಇದೆ. ದಕ್ಕೆಯ ಬಳಿಯಲ್ಲೂ ಬೀದಿಯ ತಿರುವುಗಳಲ್ಲೂ ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಹಗ್ಗದ ಬಲೆ ಬಿಗಿದ ಆಸನಗಳಿರುತ್ತವೆ. ನಮ್ಮ ಜೋಲಿಯನ್ನೇ ನೆನಪಿಸುವ ಹೆಸರು ಅವಕ್ಕೆ: ಜೋಆಲಿ. ಬಿಸಿಲು ಇಳಿದ ಮೇಲೆ ಊರಿನ ಹೆಂಗಸರು, ಮುದುಕರು ಅದರಲ್ಲಿ ಮೈ ಚೆಲ್ಲಿ ಕುಳಿತು ಮಾತಾಡುತ್ತಾರೆ. ಹಗ್ಗ ಅವರ ಭಾರಕ್ಕೆ ತಕ್ಕಂತೆ ತಗ್ಗಿರುತ್ತದೆ. ಈ ಬೀದಿಯಲ್ಲೇ ನೇರ ಹೋದರೆ ಊರಿನ ಕೊನೆಗೆ ಒಂದು ಮರೆ, ಪಕ್ಕದಲ್ಲೊಂದು ಫಲಕ: ಬಿಕಿನಿ ಬೀಚ್. ಮರೆಯ ಆಚೆ ಈಜುಡುಗೆಯಲ್ಲಿ ಮಲಗಬಹುದು, ನೀರಿಗಿಳಿಯಬಹುದು. ಈಚೆ ಬಂದರೆ ಮೈಮೇಲೆ ಬಟ್ಟೆ ಬೇಕು. ಎರಡೂ ಕಡೆ ಇರುವುದು ಅದೇ ಬಿಳಿ ಮರಳು, ಅದೇ ನೀರು.

ಈ ಗೆರೆ ಇಲ್ಲಿಗೆ ಬಂದದ್ದು ಈಚೆಗೆ. ಮಾಲ್ಡೀವ್ಸಿನಲ್ಲಿ ಸುಮಾರು 1,200 ದ್ವೀಪಗಳಿವೆ; ಜನವಸತಿ ಇರುವುದು 190ರ ಆಸುಪಾಸು ದ್ವೀಪಗಳಲ್ಲಿ ಮಾತ್ರ. 1972ರಲ್ಲಿ ರಾಜಧಾನಿ ಮಾಲೆಯ ಹತ್ತಿರದ ಒಂದು ನಿರ್ಜನ ದ್ವೀಪದಲ್ಲಿ ಕುರುಂಬ ಎಂಬ ಮೊದಲ ರೆಸಾರ್ಟ್ ಶುರುವಾಯಿತು. ಅಲ್ಲಿಂದಾಚೆ ದಶಕಗಳ ಕಾಲ ನಡೆದದ್ದು ಒಂದೇ ಪದ್ಧತಿ: ಒಂದು ದ್ವೀಪಕ್ಕೆ ಒಂದು ರೆಸಾರ್ಟು, ಅದೂ ಊರಿಲ್ಲದ ದ್ವೀಪಕ್ಕೆ. ಹೊರಗಿನವರ ಮದ್ಯ, ಹಂದಿಮಾಂಸ, ತುಂಡು ಈಜುಡುಗೆ ಎಲ್ಲವೂ ಅಲ್ಲೇ ಇರಲಿ, ಊರಿನ ಬದುಕು ಊರಿನಲ್ಲೇ ಇರಲಿ ಎಂಬ ವ್ಯವಸ್ಥೆ ಅದು. ನಡುವಿನ ಗೆರೆಯನ್ನು ಕಡಲೇ ಎಳೆದಿತ್ತು. ರೆಸಾರ್ಟಿಗೆ ಹೋದವರು ಬಟ್ಟೆಯ ಬಗ್ಗೆ ಯೋಚಿಸುವ ಪ್ರಮೇಯವೇ ಬರುತ್ತಿರಲಿಲ್ಲ; ಪೂರ್ತಿ ಬೆತ್ತಲಾಗುವುದು ಅಲ್ಲೂ ಕಾನೂನಿಗೆ ವಿರುದ್ಧ, ಅದೊಂದನ್ನು ಬಿಟ್ಟರೆ ಉಳಿದದ್ದು ಅವರವರ ಇಷ್ಟ. 2009ರ ಹೊತ್ತಿಗೆ ಜನವಸತಿಯ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ದಾರಿ ತೆರೆಯಿತು. ಮೀನು ಹಿಡಿಯುತ್ತಿದ್ದ, ಸರ್ಕಾರಿ ಕೆಲಸಕ್ಕೆ ಮಾಲೆಗೆ ಹೋಗುತ್ತಿದ್ದ ಮನೆಗಳು ತಮ್ಮ ಮಾಳಿಗೆಯ ಮೇಲೆ ನಾಲ್ಕು ಕೋಣೆ ಕಟ್ಟಿದವು. ದೊಡ್ಡ ಬಂಡವಾಳಗಾರರ ಕೈಯಲ್ಲಿದ್ದ ಪ್ರವಾಸದ ದುಡ್ಡು ಊರಿನವರ ಕೈಗೂ ಬರತೊಡಗಿತು. ಬೆಂಗಳೂರಿನಿಂದ ವಿಮಾನ ಹತ್ತುವ ಮಧ್ಯಮ ವರ್ಗದ ಕುಟುಂಬಕ್ಕೆ ಮಾಲ್ಡೀವ್ಸ್ ಕೈಗೆಟುಕಿದ್ದು ಈ ಬದಲಾವಣೆಯಿಂದಲೇ. ಕಡಲು ಎಳೆದಿದ್ದ ಗೆರೆಯನ್ನು ಈಗ ಮರಳಿನ ಮೇಲೆ ಮನುಷ್ಯರೇ ಎಳೆಯಬೇಕಾಯಿತು. ಗೆರೆ ಮರಳಿಗೆ ಬಂದ ಮೇಲೆ ಪ್ರವಾಸಿಯ ಪೆಟ್ಟಿಗೆಯಲ್ಲಿರುವ ಬಟ್ಟೆಯೂ ಒಂದು ಪ್ರಶ್ನೆಯಾಯಿತು.

ಕಡಲತೀರದ ಉಡುಪಿನ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಅಳತೆಯ ಚರ್ಚೆಯಾಗಿಬಿಡುತ್ತದೆ. ಎಷ್ಟು ಕಾಣಬೇಕು, ಎಷ್ಟು ಮುಚ್ಚಬೇಕು, ಎಲ್ಲಿಗೆ ನಾಗರಿಕತೆ, ಎಲ್ಲಿಂದ ಅಸಭ್ಯತೆ ಎಂದು ಎರಡೂ ಪಕ್ಷದವರು ಗೇಣು ಹಿಡಿದು ನಿಲ್ಲುತ್ತಾರೆ. ಈ ಅಳತೆಗೋಲಿನಿಂದ ಯಾವ ದ್ವೀಪದ ಮೇಲೂ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ವಾದ. ಉಡುಪು ಸರಿಯೋ ತಪ್ಪೋ ಎನ್ನುವುದು ಉಟ್ಟವರು ನಿಂತ ಜಾಗವನ್ನು ನೋಡಿ ಹೇಳಬೇಕಾದ ಮಾತು. ನೀರಿನಲ್ಲಿ ನೀರಿಗೆ ತಕ್ಕದ್ದು, ಬಿಸಿಲಿನಲ್ಲಿ ಬಿಸಿಲಿಗೆ ತಕ್ಕದ್ದು, ಇನ್ನೊಬ್ಬರ ಬೀದಿಯಲ್ಲಿ ಆ ಬೀದಿಗೆ ತಕ್ಕದ್ದು. ಬೀದಿಯಲ್ಲಿ ಬಿಕಿನಿ ತೊಟ್ಟು ನಡೆಯುವವರೂ ಜೀನ್ಸ್ ಪ್ಯಾಂಟಿನಲ್ಲಿ ಕಡಲಿಗೆ ಧುಮುಕುವವರೂ ಹೊರನೋಟಕ್ಕೆ ಪೂರ್ವ–ಪಶ್ಚಿಮ. ಮಾಡುವ ತಪ್ಪು ಮಾತ್ರ ಒಂದೇ. ಇಬ್ಬರೂ ತಮ್ಮ ಊರಿನ ಬಟ್ಟೆಯನ್ನಷ್ಟೇ ಅಲ್ಲ, ತಮ್ಮ ಊರಿನ ಕಣ್ಣನ್ನೂ ಪೆಟ್ಟಿಗೆಯಲ್ಲಿ ತಂದಿರುತ್ತಾರೆ.

ಈ ತಪ್ಪು ಎಷ್ಟು ಹಳೆಯದು ಎಂಬುದಕ್ಕೆ ಮಾಲ್ಡೀವ್ಸಿನ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ. ಮೊರಾಕೊದ ಯಾತ್ರಿಕ ಇಬ್ನ್ ಬತೂತ 1343ರಲ್ಲಿ ಈ ದ್ವೀಪಗಳಿಗೆ ಬಂದ. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಹೊನ್ನಾವರದಲ್ಲಿ ಇದ್ದು ಹೋಗಿದ್ದವನು ಅವನು. ಅಲ್ಲಿಯ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಹೊಲಿಯದ ಒಂದೇ ಬಟ್ಟೆಯ ಒಂದು ತುದಿಯನ್ನು ನಡುವಿಗೆ ಸುತ್ತಿ ಇನ್ನೊಂದನ್ನು ತಲೆ–ಎದೆಯ ಮೇಲೆ ಹೊದೆಯುತ್ತಾರೆ ಎಂದು ಬರೆದಿಟ್ಟ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದುದನ್ನೂ ಎಣಿಸಿ ಬರೆದ. ಸೀರೆಯ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಮಾಲ್ಡೀವ್ಸಿಗೆ ಬಂದಾಗ ಅಲ್ಲಿ ಖದೀಜಾ ಎಂಬ ರಾಣಿಯ ಆಳ್ವಿಕೆ. ಜನ ಇಸ್ಲಾಮಿಗೆ ಬಂದು ಇನ್ನೂರು ವರ್ಷ ಸಮೀಪಿಸಿತ್ತು, ಅವರ ದೈವಭಕ್ತಿಯನ್ನು ಇಬ್ನ್ ಬತೂತನೇ ಮೆಚ್ಚಿಕೊಂಡಿದ್ದಾನೆ. ಆದರೆ ಹೆಂಗಸರು ತಲೆಗೆ ಬಟ್ಟೆ ಹೊದೆಯುತ್ತಿರಲಿಲ್ಲ, ಹೆಚ್ಚಿನವರು ಸೊಂಟದಿಂದ ಕೆಳಗೆ ಮಾತ್ರ ಉಟ್ಟು ಪೇಟೆಯಲ್ಲಿ ಓಡಾಡುತ್ತಿದ್ದರು. ಖಾಜಿಯ ಹುದ್ದೆ ಸಿಕ್ಕಿದ ಕೂಡಲೇ ಇದನ್ನು ನಿಲ್ಲಿಸಲು ಹೊರಟ. ಆಗಲಿಲ್ಲ. ಮೈ ಮುಚ್ಚದೆ ತನ್ನ ನ್ಯಾಯಾಲಯಕ್ಕೆ ಬರಕೂಡದು ಎಂಬಷ್ಟನ್ನು ಜಾರಿಗೆ ತಂದ, ಅದರಾಚೆಗೆ ತನ್ನ ಕೈ ಸಾಗಲಿಲ್ಲ ಎಂದು ತಾನೇ ಒಪ್ಪಿಕೊಂಡ. ತನ್ನ ಮನೆಯ ದಾಸಿಯರು ದಿಲ್ಲಿಯವರಂತೆ ಉಟ್ಟು ತಲೆ ಮುಚ್ಚಿಕೊಳ್ಳುತ್ತಿದ್ದರು, ರೂಢಿಯಿಲ್ಲದ ಆ ಉಡುಪು ಅವರಿಗೆ ಅಂದ ಕೊಡುವ ಬದಲು ಅಂದ ಕೆಡಿಸಿತು ಎಂದೂ ಬರೆದ. ಅಧಿಕಾರವಿದ್ದ, ಓದಿಕೊಂಡಿದ್ದ, ಅರ್ಧ ಜಗತ್ತು ಸುತ್ತಿದ್ದ ಅತಿಥಿಯೊಬ್ಬ ಬೇರೆ ನೆಲದ ಮೈಗಳ ಮೇಲೆ ತನ್ನ ನೆಲದ ಬಟ್ಟೆ ಹೊದೆಸಲು ನೋಡಿದ. ಇಂದಿನ ಪ್ರವಾಸಿ ಅದನ್ನೇ ತಿರುಗಾಮುರುಗಾ ಮಾಡುತ್ತಾನೆ: ತನ್ನ ನೆಲದ ಸಲುಗೆಯನ್ನು ಬೇರೆಯವರ ಬೀದಿಯಲ್ಲಿ ಬಿಚ್ಚಿಡುತ್ತಾನೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಏಳುನೂರು ವರ್ಷಗಳ ಹಿಂದೆ ಎದೆಗೆ ಬಟ್ಟೆಯಿಲ್ಲದೆ ಪೇಟೆಗೆ ಹೋಗುತ್ತಿದ್ದ ಊರು ಇಂದು ಮೈ ಮುಚ್ಚಿ ಎನ್ನುತ್ತದೆಯಾದರೆ, ಅದರ ಸಂಪ್ರದಾಯ ಎಂಬುದೇ ನಿನ್ನೆ ಮೊನ್ನೆಯದಲ್ಲವೇ? ಬದಲಾಗುವಂಥದ್ದಕ್ಕೆ ಹೊರಗಿನವರು ಯಾಕೆ ತಲೆಬಾಗಬೇಕು? ಬದಲಾಗಿರುವುದು ನಿಜ. ಇಬ್ನ್ ಬತೂತನ ಕಾಲದ ಉಡುಪು ಹೋಗಿ, ಕಪ್ಪು–ಬಿಳಿ ಪಟ್ಟೆಯ ಫೇಲಿ ಎಂಬ ನೇಯ್ಗೆಯ ಬಟ್ಟೆಯೂ ಕೊರಳ ಸುತ್ತ ಚಿನ್ನದ ಬಣ್ಣದ ಎಳೆಗಳ ಕಸೂತಿಯಿರುವ ಲಿಬಾಸೂ ಬಂದವು. ತಲೆಗೆ ಕಟ್ಟುವ ಬುರುಗಾ ಈಗ ಕಾಣುವಷ್ಟು ಹೆಚ್ಚಾಗಿ ಕಾಣತೊಡಗಿದ್ದು ಈಚಿನ ದಶಕಗಳಲ್ಲಿ. ಇದು ಬೇಕೇ ಬೇಡವೇ ಎಂದು ಆ ದ್ವೀಪಗಳ ಹೆಂಗಸರೂ ಗಂಡಸರೂ ತಮ್ಮೊಳಗೇ ವಾದಿಸುತ್ತಿದ್ದಾರೆ. ನಾಳೆ ಬೇರೆ ತೀರ್ಮಾನಕ್ಕೂ ಬರಬಹುದು. ಆದರೆ ವಾದ ಅವರ ಮನೆಯದು. ನಾಲ್ಕು ರಾತ್ರಿಗೆ ಕೋಣೆ ಬಾಡಿಗೆ ಕೊಟ್ಟವರಿಗೆ ಅದರಲ್ಲಿ ಓಟಿಲ್ಲ. ನಮ್ಮ ಕರಾವಳಿಯಲ್ಲೂ ರವಿಕೆ ಎಲ್ಲ ಮನೆಗಳಿಗೆ ಬಂದು ಬಹಳ ಕಾಲವಾಗಿಲ್ಲ. ಹಾಗೆಂದು ಯಾರಾದರೂ ಬಂದು ನಿಮ್ಮ ಅಜ್ಜಿಯರು ಉಡುತ್ತಿದ್ದುದೇ ಬೇರೆ ಎಂದು ಇಂದಿನ ನಮ್ಮ ಬೀದಿಯಲ್ಲಿ ವಾದ ಹೂಡಿದರೆ ನಾವು ಒಪ್ಪುವುದಿಲ್ಲ. ಪದ್ಧತಿಗೆ ಗೌರವ ಸಲ್ಲಬೇಕಾದದ್ದು ಅದರ ವಯಸ್ಸಿಗಾಗಿ ಅಲ್ಲ, ಇಂದು ಅದರಲ್ಲಿ ಬದುಕುತ್ತಿರುವ ಜನರಿಗಾಗಿ.

ದ್ವೀಪದ ಜನರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದ್ವೀಪದ ಹೆಸರನ್ನಷ್ಟೇ ಎತ್ತಿಕೊಂಡು ಬಂದ ಕಥೆ ಬಿಕಿನಿ ಎಂಬ ಮಾತಿನೊಳಗೇ ಇದೆ. ಬಿಕಿನಿ ಎಂಬುದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಹವಳದ ಬಳೆಯಂತಿರುವ ಒಂದು ನೆಲ. 1946ರ ಮಾರ್ಚಿನಲ್ಲಿ ಅಮೆರಿಕದ ನೌಕಾಪಡೆ ಅಲ್ಲಿಯ 167 ಜನರನ್ನು ಬೇರೊಂದು ದ್ವೀಪಕ್ಕೆ ಸಾಗಿಸಿತು. ಜುಲೈ 1ರಂದು ಅಲ್ಲಿ ಅಣುಬಾಂಬ್ ಸಿಡಿಸಿತು. ಸುದ್ದಿ ಜಗತ್ತಿನ ಪತ್ರಿಕೆಗಳ ತುಂಬ ಇದ್ದಾಗಲೇ, ಜುಲೈ 5ರಂದು, ಪ್ಯಾರಿಸಿನ ಒಂದು ಈಜುಕೊಳದ ಬಳಿ ಲೂಯಿ ರೆಯಾರ್ ಎಂಬ ಎಂಜಿನಿಯರ್ ತನ್ನ ಎರಡು ತುಂಡಿನ ಈಜುಡುಗೆಯನ್ನು ಪ್ರದರ್ಶಿಸಿ ಅದಕ್ಕೆ ಆ ದ್ವೀಪದ ಹೆಸರಿಟ್ಟ. 1958ರವರೆಗೆ ಅಲ್ಲಿ 23 ಅಣುಸ್ಫೋಟಗಳಾದವು. ಮನೆಗೆ ಮರಳಿದ ಕೆಲವು ಕುಟುಂಬಗಳನ್ನು ವಿಕಿರಣದ ಭಯದಿಂದ 1978ರಲ್ಲಿ ಮತ್ತೆ ಎಬ್ಬಿಸಿ ಕಳಿಸಬೇಕಾಯಿತು. ಇನ್ನು ಮಾರ್ಷಲ್ ದ್ವೀಪಗಳ ಹೆಂಗಸರ ಉಡುಪೋ, ಮೊಣಕಾಲಿನ ಕೆಳಗಿಳಿಯುವ ಸಡಿಲ ಗೌನು. ತೊಡೆ ತೋರಿಸುವುದು ಅಲ್ಲಿ ಮರ್ಯಾದೆಯಲ್ಲ. ಕಡಲಿಗೆ ಇಳಿಯುವಾಗಲೂ ಬಹಳ ಜನ ಅದೇ ಗೌನಿನಲ್ಲಿ ಇಳಿಯುತ್ತಾರೆ. ಜಗತ್ತಿನ ಅತಿ ಪುಟ್ಟ ಈಜುಡುಗೆಗೆ ಹೆಸರು ಕೊಟ್ಟ ನಾಡಿನಲ್ಲಿ ಅದನ್ನು ತೊಟ್ಟು ಬೀದಿಗೆ ಬರುವಂತಿಲ್ಲ. ಉಷ್ಣವಲಯದ ದ್ವೀಪ ಎಂದರೆ ಬಟ್ಟೆಯ ಬಂಧನವಿಲ್ಲದ ಸ್ವರ್ಗ ಎಂಬ ಚಿತ್ರ ದ್ವೀಪದವರು ಬರೆದದ್ದಲ್ಲ, ದ್ವೀಪಕ್ಕೆ ಟಿಕೆಟ್ ಮಾರುವವರು ಬರೆದದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳ ಕಡೆಯಿಂದ ಬರುತ್ತದೆ. ಬಟ್ಟೆಯ ನಿಯಮದ ಭಾರವೆಲ್ಲ ಬೀಳುವುದು ಹೆಣ್ಣಿನ ಮೈಮೇಲೆ. ಊರಿನ ಮರ್ಯಾದೆ ಎಂಬ ಮಾತು ಕೇಳಿದಾಗೆಲ್ಲ ಸರಿದುಕೊಳ್ಳಬೇಕಾದದ್ದು ಅವಳ ಸೆರಗೇ. ಮನೆಯಲ್ಲಿ, ಕಾಲೇಜಿನಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ಸಾಕಾಗಿ, ದುಡಿದು ಉಳಿಸಿದ ದುಡ್ಡಿನಲ್ಲಿ ನಾಲ್ಕು ದಿನ ದೂರ ಹೋದರೆ ಅಲ್ಲೂ ಅದೇ ಮಾತೇ? ಈ ಪ್ರಶ್ನೆಯ ಹಿಂದಿನ ದಣಿವನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ, ಗಂಡಸರಿಗಂತೂ ಇಲ್ಲವೇ ಇಲ್ಲ. ಆದ್ದರಿಂದಲೇ ನಿಯಮವನ್ನು ಸರಿಯಾಗಿ ಓದಬೇಕು. ಮಾಲ್ಡೀವ್ಸಿನ ಊರುಗಳಲ್ಲಿ ಗಂಡಸರೂ ಬರಿಮೈಯಲ್ಲಿ, ತುಂಡು ಚಡ್ಡಿಯಲ್ಲಿ ಬೀದಿ ಸುತ್ತುವುದು ಸರಿಯಲ್ಲ. ನಮ್ಮ ಗಂಡಸರು ಇದನ್ನು ತಮಗೆ ಹೇಳಿದ್ದೇ ಅಲ್ಲವೆಂಬಂತೆ ಒದ್ದೆ ಬರ್ಮುಡಾದಲ್ಲಿ, ಹೆಗಲಿಗೆ ಅಂಗಿ ನೇತುಹಾಕಿಕೊಂಡು ಅಂಗಡಿಗೆ ನುಗ್ಗುತ್ತಾರೆ. ಜೊತೆಯಲ್ಲಿರುವ ಹೆಂಡತಿಗೋ ತಂಗಿಗೋ ದುಪಟ್ಟಾ ಸರಿಮಾಡಿಕೊ ಎನ್ನುತ್ತಾರೆ. ನಿಯಮ ಹೆಣ್ಣಿನ ಮೇಲಷ್ಟೇ ಬೀಳುವುದು ಹೀಗೆ, ಪಾಲಿಸುವ ಕಡೆಯಲ್ಲಿ. ಜಾರಿ ಮಾಡುವ ಕಡೆಯಲ್ಲೂ ತಪ್ಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ಮಾಫುಶಿಯಲ್ಲೇ ಬಿಕಿನಿ ತೊಟ್ಟು ರಸ್ತೆಯಲ್ಲಿ ನಡೆಯುತ್ತಿದ್ದ ಪ್ರವಾಸಿ ಮಹಿಳೆಯೊಬ್ಬರನ್ನು ಕೆಲವು ಗಂಡಸರು ಸೇರಿ ಎಳೆದಾಡಿ ಹಿಡಿದ ವಿಡಿಯೊ ಎಲ್ಲೆಡೆ ಹರಡಿತು. ಅದು ನಡೆದ ರೀತಿ ಸರಿಯಲ್ಲವೆಂದು ದೇಶದ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿದರು. ಕೇಳಬೇಕಾದದ್ದೇ. ಊರಿನ ನಡವಳಿಕೆಗೆ ಗೌರವ ಕೊಡಿ ಎನ್ನುವವರು ಅತಿಥಿಯ ಮೈಮೇಲೆ ಕೈಮಾಡಿದ ಕ್ಷಣವೇ ಗೌರವದ ಮಾತಾಡುವ ನೈತಿಕತೆ ಕಳೆದುಕೊಳ್ಳುತ್ತಾರೆ. ಆದರೆ ಆ ಪ್ರಕರಣದಿಂದ ನಿಯಮವೇ ಅನ್ಯಾಯ ಎಂದು ತೀರ್ಮಾನಿಸಲಾಗದು. ಮರೆಯ ಆಚೆಗೆ ಸ್ವಾತಂತ್ರ್ಯಕ್ಕೊಂದು ಜಾಗ ಬಿಟ್ಟು, ಈಚೆಗೆ ತಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಇಷ್ಟು ಇರಲಿ ಎಂದು ಕೇಳಿದ ಊರು ಅರ್ಧ ದಾರಿ ಬಂದಿದೆ. ಉಳಿದರ್ಧ ಪ್ರವಾಸಿಯದು.

ಮೈ ಮುಚ್ಚುವುದೇ ದಬ್ಬಾಳಿಕೆ, ಬಿಚ್ಚುವುದೇ ಬಿಡುಗಡೆ ಎಂಬ ಸಮೀಕರಣವನ್ನು ಬಿಕಿನಿ ಹುಟ್ಟಿದ ಅದೇ ಫ್ರಾನ್ಸಿನ ಕಡಲತೀರಗಳೇ ಸುಳ್ಳು ಮಾಡಿದವು. ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ ಎಂಬ ವಿನ್ಯಾಸಕಿ 2004ರಲ್ಲಿ ಬುರ್ಕಿನಿ ಎಂಬ ಉಡುಪು ರೂಪಿಸಿದರು. ತಲೆ, ಕೈ, ಕಾಲು ಮುಚ್ಚುವ, ಆದರೆ ಈಜಲು ತಡೆಯಾಗದ ಈಜುಡುಗೆ ಅದು. ಅಲ್ಲಿಯವರೆಗೆ ದಡದಲ್ಲೇ ಕೂತು ತಮ್ಮ ಮಕ್ಕಳ ಚಪ್ಪಲಿ ಕಾಯುತ್ತಿದ್ದ ಎಷ್ಟೋ ಹೆಂಗಸರನ್ನು ಅದು ನೀರಿಗಿಳಿಸಿತು. 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಹಲವು ಕರಾವಳಿ ಊರುಗಳು ಅದನ್ನು ನಿಷೇಧಿಸಿದವು. ಆಗಸ್ಟ್ 26ರಂದು ಅಲ್ಲಿಯ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್‌ನವ್–ಲುಬೆ ಎಂಬ ಊರಿನ ನಿಷೇಧಕ್ಕೆ ತಡೆ ಕೊಟ್ಟಿತು. ಮುಚ್ಚು ಎಂದು ಒತ್ತಾಯಿಸುವುದು ಹೇಗೆ ತಪ್ಪೋ ಬಿಚ್ಚು ಎಂದು ಒತ್ತಾಯಿಸುವುದೂ ಹಾಗೆಯೇ ತಪ್ಪು. ನೀರಿಗಿಳಿಯುವ ಹೆಣ್ಣಿಗೆ ನೀರು ಸಿಗಬೇಕು, ಅದು ಮೊದಲ ಮಾತು.

ಇನ್ನು ನಮ್ಮವರ ಕಡೆ ತಿರುಗೋಣ. ಮಲ್ಪೆ, ಮುರುಡೇಶ್ವರ, ಗೋಕರ್ಣ, ಯಾವ ಕಡಲತೀರಕ್ಕಾದರೂ ರಜೆಯ ದಿನ ಹೋಗಿ ನಿಂತರೆ ಸೀರೆ, ಚೂಡಿದಾರ, ಜೀನ್ಸು, ಪಂಚೆ ಎಲ್ಲವೂ ಅಲೆಗಳೊಳಗೇ ಇರುತ್ತವೆ. ಬಸ್ಸಿಳಿದ ಬಟ್ಟೆಯಲ್ಲೇ ನೀರಿಗೆ ಇಳಿಯುವುದು ನಮ್ಮ ರೂಢಿ. ದಡದಂಚಿನಲ್ಲಿ ಪಾದ ನೆನೆಸಿಕೊಳ್ಳುವಷ್ಟಕ್ಕೆ ಅದರಲ್ಲಿ ಕೆಡುಕೇನೂ ಇಲ್ಲ. ಅಜ್ಜಿಯೊಬ್ಬಳು ಸೀರೆಯ ನಿರಿಗೆ ಎತ್ತಿಹಿಡಿದು ಮೊದಲ ಸಲ ಅಲೆಗೆ ಕಾಲು ಕೊಡುವುದು ನೋಡಲು ಚಂದವೇ. ತೊಂದರೆ ಶುರುವಾಗುವುದು ಅದೇ ರೂಢಿಯನ್ನು ಎದೆಮಟ್ಟದ ನೀರಿಗೂ, ಹವಳದ ದಿಬ್ಬದ ಮೇಲಿನ ಸ್ನಾರ್ಕೆಲಿಂಗಿಗೂ ಕೊಂಡೊಯ್ದಾಗ. ಹತ್ತಿ ಬಟ್ಟೆ ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆದವರಿಗೆ ಒದ್ದೆ ಜೀನ್ಸಿನ ತೂಕ ಎಷ್ಟೆಂದು ಹೇಳಿಕೊಡಬೇಕಾಗಿಲ್ಲ. ಆ ತೂಕ ಸೊಂಟದಿಂದ ಕೆಳಗೆ ಜೋತುಬಿದ್ದು, ಮಂಡಿ ಮಡಿಸಲು ಬಿಡದೆ, ಅಲೆ ಹಿಂದಕ್ಕೆ ಸರಿಯುವಾಗ ಅದರ ಜೊತೆಯಲ್ಲೇ ಮೈಯನ್ನು ಎಳೆಯುತ್ತದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ದುಪಟ್ಟಾ ಕುತ್ತಿಗೆಗೆ. ಈಜು ಬಾರದವರಿಗೆ ಲೈಫ್ ಜಾಕೆಟ್ ತೊಡಿಸಿದರೂ ಅದರ ಪಟ್ಟಿಗಳು ಈ ಬಟ್ಟೆಯ ರಾಶಿಯ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಇದಲ್ಲದೆ ಒದ್ದೆ ತೆಳು ಬಟ್ಟೆ ಮೈಗೆ ಅಂಟಿದಾಗ ಅದು ಏನನ್ನೂ ಮುಚ್ಚಿರುವುದಿಲ್ಲ. ಮಾನಕ್ಕಾಗಿ ಉಟ್ಟದ್ದು ಮಾನವನ್ನೂ ಕಾಯದೆ, ಪ್ರಾಣವನ್ನೂ ಕಾಯದೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಈಜುಡುಗೆ ಬೇಡ, ನಾವು ಹಾಗೆಲ್ಲ ಅಲ್ಲ ಎನ್ನುವ ಹಿರಿಯರು ಈ ಮಾತನ್ನು ಸಮಾಧಾನದಿಂದ ಯೋಚಿಸಬೇಕೆಂದು ನನ್ನ ಕಳಕಳಿಯ ಕೋರಿಕೆ. ಈಜುಡುಗೆ ಎಂದರೆ ತುಂಡುಬಟ್ಟೆ ಎಂದು ಅರ್ಥವಲ್ಲ. ಕುತ್ತಿಗೆಯಿಂದ ಮಣಿಕಟ್ಟಿನವರೆಗೆ, ಸೊಂಟದಿಂದ ಕಣಕಾಲಿನವರೆಗೆ ಬರುವ ಈಜುಡುಗೆಗಳು ನಮ್ಮ ಪೇಟೆಗಳಲ್ಲೇ ಸಿಗುತ್ತವೆ. ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ಬೆರೆಸಿ ಹೆಣೆದ ಅವು ನೀರನ್ನು ಹಿಡಿದಿಡುವುದಿಲ್ಲ, ಮೈಯಿಂದ ಜಾರುವುದಿಲ್ಲ, ದಡಕ್ಕೆ ಬಂದ ಸ್ವಲ್ಪ ಹೊತ್ತಿಗೇ ಒಣಗುತ್ತವೆ.

ಹೀಗೆ ಮೈತುಂಬ ಬರುವ ಈಜುಡುಗೆಯ ಪರವಾಗಿ ಊರಿನವರಿಗಿಂತ ಜೋರಾಗಿ ವಾದಿಸುವವನು ಸೂರ್ಯ. ಮಾಲೆ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ನಾಲ್ಕು ಡಿಗ್ರಿ ದೂರದಲ್ಲಿ. ವರ್ಷದಲ್ಲಿ ಎರಡು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ, ಉಳಿದ ದಿನಗಳಲ್ಲೂ ಹೆಚ್ಚು ದೂರ ಸರಿಯುವುದಿಲ್ಲ. ನೇರಳಾತೀತ ಕಿರಣಗಳ ಸೂಚ್ಯಂಕ ಅಲ್ಲಿ ನಡುಮಧ್ಯಾಹ್ನದ ಹೊತ್ತಿಗೆ 11 ದಾಟುವುದು ಸಾಮಾನ್ಯ, ಅದು ಪಟ್ಟಿಯ ಕೊನೆಯ ಮೆಟ್ಟಿಲು. ಒಣ ಮರಳು ಆ ಕಿರಣಗಳ ಸುಮಾರು ಶೇ 15ರಷ್ಟನ್ನು, ಅಲೆಯ ನೊರೆ ಸುಮಾರು ಶೇ 25ರಷ್ಟನ್ನು ಮತ್ತೆ ನಮ್ಮತ್ತ ಎಸೆಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರೊಳಗೆ ಅರ್ಧ ಮೀಟರ್ ಇಳಿದರೂ ಮೇಲ್ಮೈಯಲ್ಲಿದ್ದುದರ ಶೇ 40ರಷ್ಟು ಹಿಂಬಾಲಿಸಿ ಬರುತ್ತದೆ. ತಂಪು ನೀರಿನಲ್ಲಿ ತೇಲುತ್ತಿರುವವರಿಗೆ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಮುಖ ಕೆಳಗೆ ಮಾಡಿ ಮೀನು ನೋಡುತ್ತಾ ಒಂದು ಗಂಟೆ ಕಳೆದವರ ಬೆನ್ನು, ಕತ್ತಿನ ಹಿಂಭಾಗ, ಮಂಡಿಯ ಹಿಂದಿನ ಮೃದುವಾದ ಚರ್ಮ ಆ ರಾತ್ರಿ ಹಾಸಿಗೆಗೆ ತಾಗಿದರೆ ಉರಿಯುತ್ತದೆ. ಬಿಳಿ ಹತ್ತಿಯ ಟೀ ಶರ್ಟ್ ಇದಕ್ಕೆ ಸಾಲದು. ಬಟ್ಟೆ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಯುಪಿಎಫ್ ಎಂಬ ಅಳತೆಯಿದೆ. ಅಂಥ ಅಂಗಿಯ ಯುಪಿಎಫ್ ಒಣಗಿದ್ದಾಗ 7ರ ಸುತ್ತ, ಒದ್ದೆಯಾದರೆ 3ರ ಸುತ್ತ. ಯುಪಿಎಫ್ 50 ಎಂದು ಬರೆದ ರ‍್ಯಾಶ್‌ಗಾರ್ಡ್ ಎಂಬ ಈಜಂಗಿ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ನಮ್ಮ ಮೈಬಣ್ಣಕ್ಕೆ ಬಿಸಿಲು ಏನೂ ಮಾಡುವುದಿಲ್ಲ ಎನ್ನುವವರಿದ್ದಾರೆ. ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಒಂದಿಷ್ಟು ರಕ್ಷಣೆ ಹುಟ್ಟಿನಿಂದಲೇ ಇರುವುದು ಹೌದು, ಆದರೆ ಅದು ಕೊಡೆಯಷ್ಟಲ್ಲ, ಮರದ ವಿರಳ ನೆರಳಿನಷ್ಟು. ಕಪ್ಪಾಗಿಬಿಡುತ್ತೇವೆ ಎಂಬ ಭಯದಿಂದ ಮುಚ್ಚಿಕೊಳ್ಳುವವರೂ ಇದ್ದಾರೆ; ಆ ಭಯ ನಮ್ಮ ಸಮಾಜದ ಬೇರೆಯೇ ಕಾಯಿಲೆ, ಅದನ್ನು ಕಡಲಿಗೆ ಹೊತ್ತೊಯ್ಯುವುದು ಬೇಡ. ಮುಚ್ಚಿಕೊಳ್ಳಲು ಸುಟ್ಟಗಾಯವೊಂದೇ ಸಾಕಷ್ಟು ಕಾರಣ.

ಕ್ರೀಮು ಹಚ್ಚಿಕೊಂಡರಾಯಿತಲ್ಲ ಎಂಬ ಮಾತಿಗೂ ಉತ್ತರ ಕೊಡಬೇಕು. ಹಚ್ಚಿಕೊಳ್ಳಲೇಬೇಕು, ಮುಖಕ್ಕೆ, ಕಿವಿಗೆ, ಪಾದದ ಮೇಲ್ಭಾಗಕ್ಕೆ ಬೇರೆ ದಾರಿಯಿಲ್ಲ. ಆದರೆ ಎರಡೆರಡು ಗಂಟೆಗೊಮ್ಮೆ ಮೈಗೆಲ್ಲ ಬಳಿದುಕೊಂಡದ್ದರಲ್ಲಿ ಒಂದು ಪಾಲು ನೀರಿಗೆ ಸೇರುತ್ತದೆ. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಸಿಬೆನ್ಜೋನ್‌ನಂಥ ರಾಸಾಯನಿಕಗಳು ಹವಳದ ಮರಿಗಳಿಗೆ ಹಾನಿಕರ ಎಂಬ ಪ್ರಯೋಗಗಳ ಆಧಾರದ ಮೇಲೆ ಪಲಾವ್ ದೇಶ 2020ರಿಂದ, ಹವಾಯಿ 2021ರಿಂದ ಅವುಗಳ ಮಾರಾಟಕ್ಕೆ ತಡೆ ಹಾಕಿವೆ. ಹವಳವನ್ನು ನಿಜಕ್ಕೂ ಕೊಲ್ಲುತ್ತಿರುವುದು ಕಾಯುತ್ತಿರುವ ಕಡಲು. 1998ರ ಬಿಸಿಗೆ ಮಾಲ್ಡೀವ್ಸಿನ ಆಳವಿಲ್ಲದ ನೀರಿನ ಹವಳಗಳಲ್ಲಿ ಬಹುಪಾಲು ಬಿಳಿಚಿ ಸತ್ತವು, 2016ರಲ್ಲಿ ಮತ್ತೆ ದೊಡ್ಡ ಪೆಟ್ಟು ಬಿತ್ತು. ಒಂದು ತುಂಬುತೋಳಿನ ಅಂಗಿ ಅದನ್ನು ತಡೆಯುವುದಿಲ್ಲ. ಆದರೂ ಈಗಾಗಲೇ ನರಳುತ್ತಿರುವ ಜೀವದ ಮೇಲೆ ನಮ್ಮ ಕಡೆಯಿಂದ ಇನ್ನೊಂದು ಹನಿ ಬೀಳದಿರಲಿ ಎಂಬಷ್ಟು ಎಚ್ಚರ ನೋಡಲು ಹೋದವರಿಗೆ ಇರಬೇಕಾದದ್ದು. ತೋಳಿಗೆ ಬಟ್ಟೆ ಬಂದರೆ ತೋಳಿಗೆ ಬಳಿಯುವ ಕ್ರೀಮು ಉಳಿಯುತ್ತದೆ. ಊರು, ಬಿಸಿಲು, ಹವಳ ಮೂರೂ ಬೇರೆ ಬೇರೆ ಕಾರಣಕ್ಕೆ ಒಂದೇ ಅಂಗಿಯನ್ನು ತೋರಿಸುತ್ತಿವೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹಾಗಾದರೆ ಬಿಕಿನಿ ಬೇಡವೇ? ಬೇಕಾದವರು ಧಾರಾಳವಾಗಿ ಒಯ್ಯಲಿ. ಮರೆಯ ಆಚೆಗೆ, ರೆಸಾರ್ಟಿನ ದಡಕ್ಕೆ, ದಿನದ ಬಾಡಿಗೆಗೆ ಕರೆದೊಯ್ಯುವ ಮರಳದಿಬ್ಬಕ್ಕೆ ಅದು ಒಪ್ಪುತ್ತದೆ. ಸಂಜೆಯ ಇಳಿಬಿಸಿಲಿನಲ್ಲಿ ಮೈಗೆ ಗಾಳಿ ತಾಗಬೇಕೆಂಬ ಆಸೆ ಯಾರದ್ದೇ ಆದರೂ ಸಹಜವಾದದ್ದು. ಮುಖ್ಯವಾದದ್ದು ಗೆರೆ ದಾಟುವ ಆ ಹತ್ತು ಹೆಜ್ಜೆ. ಅದಕ್ಕೆ ನಮ್ಮ ಮನೆಗಳಲ್ಲೇ ಇರುವ ಒಂದು ಪಂಚೆಗಿಂತ ಒಳ್ಳೆಯ ಬಟ್ಟೆ ಬೇರೆ ಕಾಣೆ. ಎರಡು ಮೀಟರಿನ ತೆಳು ಹತ್ತಿ ಪಂಚೆಯನ್ನು ಮಡಿಸಿದರೆ ಕೈಚೀಲದ ಮೂಲೆ ಸಾಕು. ಹೆಂಗಸರು ಅದನ್ನು ಕಂಕುಳಿನಿಂದ ಸುತ್ತಿ ಎದೆಯ ಮೇಲೆ ಗಂಟು ಹಾಕಿದರೆ ಮಂಡಿಯ ಕೆಳಗಿನವರೆಗೆ ಬರುತ್ತದೆ, ಮೇಲೊಂದು ಸಡಿಲ ಅಂಗಿ ತೊಟ್ಟರೆ ಬೀದಿಗೆ ಸಿದ್ಧ. ಗಂಡಸರು ಸೊಂಟಕ್ಕೆ ಸುತ್ತಿ ಅಂಗಿ ಏರಿಸಿದರೆ ಮುಗಿಯಿತು. ಮಾಲ್ಡೀವ್ಸಿನ ಗಂಡಸರ ಹಳೆಯ ಉಡುಪೂ ಇಂಥದ್ದೇ ಒಂದು ಮುಂಡು. ಅದನ್ನುಟ್ಟು ನಡೆವ ಪರದೇಶಿಯನ್ನು ಯಾರೂ ಪರಕೀಯನಂತೆ ನೋಡುವುದಿಲ್ಲ. ನೀರಿಂದ ಬಂದಾಗ ಒರೆಸಲು, ಮರಳಿನ ಮೇಲೆ ಹಾಸಲು, ದೋಣಿಯ ಮೇಲೆ ಬಿಸಿಲು ಹೆಚ್ಚಾದರೆ ತಲೆಗೆ ಹೊದೆಯಲು, ಮಲಗಿದ ಮಗುವಿಗೆ ಹೊದಿಸಲು ಆ ಒಂದೇ ಬಟ್ಟೆ. ಒದ್ದೆಯಾದರೆ ಹಗ್ಗದ ಮೇಲೆ ಹಾಕಿ, ಗಾಳಿಗೆ ಪಟಪಟ ಬಡಿದುಕೊಂಡು ಊಟದ ಹೊತ್ತಿಗೆ ಒಣಗಿರುತ್ತದೆ. ಕಾಲಿಗೆ ಮಾತ್ರ ಹವಾಯಿ ಚಪ್ಪಲಿ ಸಾಲದು. ಹವಳದ ಮುರುಕುಗಳು ಬ್ಲೇಡಿನಂತೆ ಕೊಯ್ಯುತ್ತವೆ, ಕಡಲಮುಳ್ಳಿನ ಜೀವಿಗಳು ಬಂಡೆಯ ಸಂದಿಯಲ್ಲಿ ಕುಳಿತಿರುತ್ತವೆ, ಕಲ್ಲುಮೀನು ಕಲ್ಲಿನಂತೆಯೇ ಇದ್ದು ತುಳಿದಾಗ ವಿಷದ ಮುಳ್ಳು ಚುಚ್ಚುತ್ತದೆ. ರಬ್ಬರ್ ಅಡಿಯ ನೀರುಬೂಟು ಬೇಕು. ಅದು ಇದೆಯೆಂದು ಜೀವಂತ ಹವಳದ ಮೇಲೆ ನಿಲ್ಲುವುದು ಸಲ್ಲದು. ಒಂದು ಹೆಜ್ಜೆಗೆ ಮುರಿಯುವುದು ಎಷ್ಟೋ ವರ್ಷಗಳ ಬೆಳವಣಿಗೆ.

ಮಾಫುಶಿಯಲ್ಲಿ ಗೆರೆಯನ್ನು ಫಲಕ ತೋರಿಸುತ್ತದೆ. ಫಲಕವಿಲ್ಲದ ಕಡೆ ಏನು ಮಾಡುವುದು ಎಂಬುದು ನಮಗೆ ಇನ್ನೂ ಹತ್ತಿರದ ಪ್ರಶ್ನೆ, ಯಾಕೆಂದರೆ ಲಕ್ಷದ್ವೀಪ ನಮ್ಮ ಮಗ್ಗುಲಲ್ಲೇ ಇದೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅದರ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ ಹೊತ್ತ ಮಂಜಿಗಳು ಅತ್ತ ಹೋಗುತ್ತಿದ್ದವು, ಅತ್ತಣಿಂದ ಕೊಬ್ಬರಿ, ತೆಂಗಿನ ನಾರು ಇತ್ತ ಬರುತ್ತಿದ್ದವು. ದಕ್ಷಿಣದ ತುದಿಯ ಮಿನಿಕಾಯ್ ದ್ವೀಪದವರು ಆಡುವ ಮಹಲ್ ನುಡಿ ಮಾಲ್ಡೀವ್ಸಿನ ದಿವೇಹಿಯದೇ ಒಂದು ರೂಪ. ಜನವಸತಿಯಿರುವ ಹತ್ತು ದ್ವೀಪಗಳಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು, ಮನೆ–ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಕಟ್ಟಿನ ಸಮಾಜ. ಆ ಪದ್ಧತಿಯನ್ನು ತುಳುನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಗೆ ಹೋಗಲು ಅನುಮತಿ ಪತ್ರ ಬೇಕು. ಊರಿಲ್ಲದ ಬಂಗಾರಂನಲ್ಲಿ ರೆಸಾರ್ಟಿನ ಸಲುಗೆ ಇದೆ, ಮದ್ಯವೂ ಸಿಗುತ್ತದೆ. ಆದರೆ ಊರಿರುವ ಕವರತ್ತಿ ದ್ವೀಪದ ಲಗೂನಿನ ದಡದಲ್ಲಿ ಯಾವ ಮರೆಯನ್ನೂ ನಿರೀಕ್ಷಿಸುವಂತಿಲ್ಲ. ತಿಳಿನೀರು, ತೆಂಗಿನ ಸಾಲು, ಸಾಲಿನ ಹಿಂದೆಯೇ ಸಿಮೆಂಟ್ ರಸ್ತೆ, ರಸ್ತೆಯಾಚೆ ಮನೆಗಳು, ಮನೆಗಳ ನಡುವೆ ಮಸೀದಿ. ನೀರಿನಿಂದ ಮೇಲೆ ಬಂದವರಿಗೂ ಆ ರಸ್ತೆಗೂ ನಡುವೆ ಇಪ್ಪತ್ತು ಹೆಜ್ಜೆ. ಗೆರೆ ಎಲ್ಲಿದೆ ಎಂದು ಅಲ್ಲಿ ಯಾರೂ ಬರೆದು ತೋರಿಸುವುದಿಲ್ಲ. ನೀರಿಗೆ ಇಳಿಯುವ ಮೊದಲೇ ಅದನ್ನು ಗುರುತಿಸಿಕೊಂಡು, ಪಂಚೆಯನ್ನು ಯಾವ ತೆಂಗಿನ ಬುಡದಲ್ಲಿ ಇಟ್ಟಿದ್ದೇವೆಂದು ನೆನಪಿಟ್ಟುಕೊಂಡು ಇಳಿಯಬೇಕು.